ದೆವ್ವದ ಆಟದಲ್ಲಿ ನನ್ನನ್ನು ಹೆದರಿಸಿದ್ದು ಸೈನಿಕರು

ಪ್ರಶ್ನೆ: ಮೇಡಂ, ನನಗೆ ದೆವ್ವದ ವಿಡಿಯೊ ಗೇಮ್ ಆಟಗಳ ಹುಚ್ಚು. ಹಳೆಯದಾದರೂ ‘ಫಿಯರ್’ ಆಡಲೇಬೇಕು ಎಂದು ಗೆಳೆಯರು ದುಂಬಾಲು ಬಿದ್ದರು. ಮೂರು ಗಂಟೆ ಆಡಿದೆ. ಶೂಟಿಂಗ್ ಸೂಪರ್. ಭಯ ಮಾತ್ರ ಆಗುತ್ತಿಲ್ಲ. ತಪ್ಪು ನನ್ನದೋ, ಆಟದ್ದೋ?

ಉತ್ತರ: ಆಟದ್ದೇ. ಅದರ ಶೂಟಿಂಗ್ ಅಷ್ಟು ಚೆನ್ನಾಗಿರುವುದೇ ತೊಂದರೆ.

ಮೊನೊಲಿತ್ ಪ್ರೊಡಕ್ಷನ್ಸ್ ಎಂಬ ಸ್ಟುಡಿಯೊ 2005ರಲ್ಲಿ ತಂದ ಈ ಆಟವನ್ನು ನಾನು ಮೊದಲು ಆಡಿದ್ದು ರಾತ್ರಿ ಲೈಟ್ ಆರಿಸಿ, ಹೆಡ್‌ಫೋನ್ ಹಾಕಿಕೊಂಡು. ಅರ್ಧ ಗಂಟೆಯಲ್ಲೇ ಎದ್ದು ಲೈಟ್ ಹಾಕಿದೆ. ಆದರೆ ಆಟದ ದೆವ್ವವಾದ ಕೆಂಪು ಬಟ್ಟೆಯ ಹುಡುಗಿ ಅಲ್ಮಾಳಿಗೆ ಹೆದರಿ ಅಲ್ಲ. ಗೋಡೆಯಾಚೆ ಮಾತಾಡಿಕೊಳ್ಳುತ್ತಿದ್ದ ಸೈನಿಕರಿಗೆ ಹೆದರಿ! ನಾನು ಒಂದು ಮೇಜಿನ ಹಿಂದೆ ಅಡಗಿದ್ದೆ. ಎದುರಿಗೆ ಒಬ್ಬ ಗುಂಡು ಹಾರಿಸುತ್ತಲೇ ಇದ್ದ. ಅವನ ಕಡೆಯೇ ನೋಡುತ್ತಿದ್ದಾಗ ಇನ್ನೊಬ್ಬ ಪಕ್ಕದ ಬಾಗಿಲಿಂದ ಬಂದು ನನ್ನ ಕಥೆ ಮುಗಿಸಿದ. ಲೋಡ್ ಮಾಡಿ ಮತ್ತೆ ಅಲ್ಲಿಗೇ ಹೋದೆ. ಈ ಸಲ ಅವರು ಬೇರೆಯೇ ದಾರಿಯಲ್ಲಿ ಬಂದರು.

ಇದರ ಗುಟ್ಟನ್ನು ಆಟದ ಎಐ, ಅಂದರೆ ಎದುರಾಳಿಗಳನ್ನು ನಡೆಸುವ ಪ್ರೋಗ್ರಾಂ ಬರೆದ ಜೆಫ್ ಆರ್ಕಿನ್ 2006ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಬಿಡಿಸಿ ಹೇಳಿದ್ದಾರೆ. ‘ಹೀಗಾದರೆ ಹೀಗೆ ಮಾಡು’ ಎಂದು ಪ್ರತಿಯೊಂದನ್ನೂ ಸೈನಿಕನಿಗೆ ಮೊದಲೇ ಬರೆದುಕೊಟ್ಟಿಲ್ಲ. ಒಂದು ಗುರಿ, ಕೈಲಾಗುವ ಕೆಲವು ಕೆಲಸಗಳು, ಇಷ್ಟೇ ಅವನ ಹತ್ತಿರ ಇರುವುದು. ಗುರಿ ಮುಟ್ಟಲು ಯಾವ ಕೆಲಸದ ಹಿಂದೆ ಯಾವುದನ್ನು ಮಾಡಬೇಕು ಎಂದು ಅಲ್ಲಲ್ಲೇ ಅವನೇ ಲೆಕ್ಕ ಹಾಕುತ್ತಾನೆ. ಬಾಗಿಲು ತೆರೆಯದಿದ್ದರೆ ಒದೆಯುತ್ತಾನೆ, ಅದೂ ಆಗದಿದ್ದರೆ ಕಿಟಕಿ ಹಾರುತ್ತಾನೆ. ನನಗೆ ಇನ್ನೂ ಮಜಾ ಅನ್ನಿಸಿದ್ದು ಅವರ ಮಾತು. ಒಂಟಿಯಾಗಿ ಉಳಿದವನು ‘ಇನ್ನಷ್ಟು ಜನರನ್ನು ಕಳಿಸಿ’ ಎಂದು ಕೂಗುತ್ತಾನೆ. ನಿಜಕ್ಕೂ ಯಾರನ್ನೂ ಕರೆಸುವ ವ್ಯವಸ್ಥೆಯೇ ಆಟದಲ್ಲಿಲ್ಲ! ಮುಂದಿನ ಕೋಣೆಯಲ್ಲಿ ಹೇಗೂ ಇರುವವರನ್ನು ಕಂಡು, ಅವನು ಕರೆದಿದ್ದಕ್ಕೇ ಬಂದರು ಅಂದುಕೊಳ್ಳುವವರು ನಾವು. ನಾನಂತೂ ಪೂರ್ತಿ ನಂಬಿದ್ದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಇಂಥವರನ್ನು ಎದುರಿಸಲು ಆಟ ನಿಮಗೆ ಏನೇನು ಕೊಟ್ಟಿದೆ ನೋಡಿ. ಒಂದು ಬಟನ್ ಒತ್ತಿದರೆ ಸುತ್ತಲಿನದೆಲ್ಲ ಸ್ಲೋ ಮೋಷನ್. ಹತ್ತಿರದಿಂದ ಒಂದೇ ಏಟಿಗೆ ಎದುರಾಳಿಯನ್ನು ಮಲಗಿಸುವ ಶಾಟ್‌ಗನ್. ಸೈನಿಕನನ್ನು ಗೋಡೆಗೇ ಮೊಳೆ ಹೊಡೆದು ನಿಲ್ಲಿಸುವ ಇನ್ನೊಂದು ಗನ್. ಜೇಬಲ್ಲಿ ಗಾಯ ವಾಸಿ ಮಾಡುವ ಹತ್ತು ಮೆಡ್‌ಕಿಟ್. ಇಷ್ಟೆಲ್ಲ ಇಟ್ಟುಕೊಂಡವರು ಪುಟ್ಟ ಹುಡುಗಿಗೆ ಯಾಕೆ ಹೆದರಬೇಕು? ಹೋದ ವರ್ಷ ಮತ್ತೆ ಆಡುವಾಗ ಕಾಲೇಜು ಓದುವ ಅಣ್ಣನ ಮಗ ಪಕ್ಕದಲ್ಲಿ ಕೂತಿದ್ದ. ಆಟದೊಳಗೆ ನಾಲ್ಕನೇ ಸಲ ಲೈಟ್ ಮಿಣುಕಿ ಅಲ್ಮಾ ಕಂಡಾಗ ಆಕಳಿಸಿ ಕೇಳಿದ: ‘ಅತ್ತೆ, ಅವಳು ಸುಮ್ನೆ ಬಂದು ಹೋಗ್ತಾಳೆ, ಏನೂ ಮಾಡಲ್ಲ ಅಲ್ವಾ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊನೆಯ ಹೊತ್ತಿಗೆ ನೆರಳಿನಂಥ ಪಿಶಾಚಿಗಳು ನಿಜವಾಗಿಯೂ ಮೈಮೇಲೆ ಬರುತ್ತವೆ. ಅವೂ ಒಂದೇ ಗುಂಡಿಗೆ ಕರಗಿಹೋಗುತ್ತವೆ!

ಹಾಗಂತ ಕೈಬಿಡಬೇಡಿ. ಏಣಿ ಇಳಿಯುವ ಒಂದು ಜಾಗ ಬರುತ್ತದೆ. ಇಳಿಯಲು ತಿರುಗುತ್ತೀರಿ, ಅಲ್ಮಾ ಮುಖದ ಮುಂದೆಯೇ ನಿಂತಿರುತ್ತಾಳೆ. ಏಣಿ ಹಿಡಿದವರು ಗುಂಡು ಹಾರಿಸಲಾಗದು. ಗನ್ ಇಲ್ಲದ ಆ ಎರಡು ಸೆಕೆಂಡ್ ಸಾಕಾಯಿತು, ನಾನು ಕಿರುಚಿಕೊಂಡೆ. ಹೇಳಿಬಿಟ್ಟೆ, ಕ್ಷಮಿಸಿ. ಗೊತ್ತಿದ್ದರೂ ಬೆಚ್ಚಿಬೀಳುತ್ತೀರಿ.

ಜಾಗಗಳ ಬಗ್ಗೆ ಮಾತ್ರ ನನಗೆ ಸಿಟ್ಟಿದೆ. ಆಫೀಸು, ಗೋದಾಮು, ಮತ್ತೆ ಆಫೀಸು. ಅದೇ ಬೂದು ಗೋಡೆ, ಅದೇ ಕುರ್ಚಿ. ಬಂದ ದಾರಿಯಲ್ಲೇ ವಾಪಸ್ ಹೋಗುತ್ತಿದ್ದೇನೆಂದು ಗೊತ್ತಾಗಲು ನನಗೆ ಹತ್ತು ನಿಮಿಷ ಬೇಕಾಯಿತು. ಕಥೆಯ ಎಷ್ಟೋ ಭಾಗ ಆ ಮೇಜುಗಳ ಮೇಲಿನ ಫೋನ್ ಸಂದೇಶಗಳಲ್ಲಿದೆ. ಕೆಂಪು ದೀಪ ಮಿನುಗುವ ಫೋನ್ ಕಂಡರೆ ನಿಂತು ಕೇಳಿ. ಗುಂಡಿನ ಗಲಾಟೆಯಲ್ಲಿ ನಾನು ಅರ್ಧ ಬಿಟ್ಟೆ, ಅಲ್ಮಾ ಯಾರೆಂದು ತಿಳಿಯಲು ಎರಡನೇ ಸಲ ಆಡಬೇಕಾಯಿತು.

ಪ್ರಶ್ನೆ: ಹದಿಮೂರು ವರ್ಷದ ಮಗ ಇದೇ ಆಟ ಕೇಳುತ್ತಿದ್ದಾನೆ. ಕೊಡಿಸಲೇ?

ಉತ್ತರ: ಬೇಡ. ಅಮೆರಿಕದ ರೇಟಿಂಗ್ 17ಕ್ಕೆ ಮೇಲ್ಪಟ್ಟವರಿಗೆ, ಯುರೋಪಿನದು 18. ದೆವ್ವಕ್ಕಿಂತ ರಕ್ತ ಜಾಸ್ತಿ.

ಪ್ರಶ್ನೆ: ಮುಂದಿನ ಭಾಗಗಳು ಹೇಗಿವೆ? ಯಾವ ಕ್ರಮದಲ್ಲಿ ಆಡಲಿ?

ಉತ್ತರ: ಮೊದಲ ಆಟ ಆದಮೇಲೆ ನೇರವಾಗಿ 2009ರ ಎರಡನೆಯದಕ್ಕೆ ಹೋಗಿ. ನಡುವೆ ಬಂದ, ಮೊದಲ ಆಟದ ಹೆಚ್ಚುವರಿ ಭಾಗಗಳಾದ ಎರಡು ಎಕ್ಸ್‌ಪಾನ್ಶನ್‌ಗಳು ಬೇರೆ ಸ್ಟುಡಿಯೊದವು. ಅವುಗಳ ಕಥೆಯನ್ನು ಎರಡನೇ ಭಾಗ ಲೆಕ್ಕಕ್ಕೇ ತೆಗೆದುಕೊಂಡಿಲ್ಲ. 2011ರ ಮೂರನೆಯದನ್ನು ಮಾಡಿದ್ದೂ ಮೊನೊಲಿತ್ ಅಲ್ಲ. ಅದನ್ನು ಇಬ್ಬರು ಜೊತೆಯಾಗಿ ಆಡಬಹುದು: ಒಬ್ಬರಿಗೆ ಗನ್, ಇನ್ನೊಬ್ಬರು ಶತ್ರುವಿನ ಮೈಯೊಳಗೆ ಹೊಕ್ಕುವ ದೆವ್ವ. ಭಯದ ಮಾತೇ ಇಲ್ಲ. ಅಣ್ಣನ ಮಗನಿಗೂ ನನಗೂ ದೆವ್ವ ಯಾರಾಗಬೇಕು ಎಂದೇ ಜಗಳ.