ಕಾಸರಗೋಡಿಗೆ ಎರಡು ದಿನ ಬಂದ್ರೆ ಎಂತ ನೋಡ್ಲಿಕ್ಕುಂಟು?

ಗಲಾಟೆ ಇಲ್ಲದ ಬೀಚ್, ದೇವಸ್ಥಾನ, ಬ್ರಿಟಿಷರ ಕಾಲದ ಕಟ್ಟಡ ಬೇಕು, ಎರಡೇ ದಿನ ಟೈಮ್, ಮಲಯಾಳ ಬರೂದಿಲ್ಲ ಅಂತ ಕೇಳಿದ್ದೀರಿ. ನಾನು ಕುಂಬಳೆ ಕಡೆಯವ, ಹಾಗಾಗಿ ಸ್ವಲ್ಪ ಪಕ್ಷಪಾತ ಇರ್ತದೆ, ಅಡ್ಜಸ್ಟ್ ಮಾಡ್ಕೊಳ್ಳಿ.

ಭಾಷೆಗೆ ತಲೆಬಿಸಿ ಬೇಡ. 1956ರಲ್ಲಿ ಕೇರಳಕ್ಕೆ ಹೋಗುವ ಮೊದಲು ನಾವೂ ದಕ್ಷಿಣ ಕನ್ನಡದವರೇ, ಚಂದ್ರಗಿರಿ ಹೊಳೆಯಿಂದ ಈಚೆ, ಅಂದ್ರೆ ಉತ್ತರಕ್ಕೆ, ಕನ್ನಡ, ತುಳು ಈಗಲೂ ನಡೀತದೆ, ಬೋರ್ಡ್ ಮಲಯಾಳದಲ್ಲಿದ್ರೂ ಚಿಲ್ಲರೆ ಉಂಟಾ ಅಂತ ಕನ್ನಡದಲ್ಲೇ ಕೇಳುವ ಅಂಗಡಿಯವರು ಬೇಕಾದಷ್ಟು ಸಿಗ್ತಾರೆ.

ಬಂದವರೆಲ್ಲ ಸೀದಾ ಬೇಕಲಕ್ಕೆ ಹೋಗಿ ಕೋಟೆ ಮೇಲೆ ಫೋಟೋ ತೆಗ್ದು ವಾಪಸ್. ನೀವು ಮಂಗಳೂರಿಂದ ಕಣ್ಣೂರು ಕಡೆಯ ಲೋಕಲ್ ಟ್ರೈನ್ ಹತ್ತಿ ಕುಂಬಳೆಯಲ್ಲಿ ಇಳೀರಿ, ಅಲ್ಲಿಂದ ರಿಕ್ಷಾ ಮಾಡಿ ಅನಂತಪುರ. ಮುರಕಲ್ಲಿನ ಗುಡ್ಡ, ಅದ್ರಲ್ಲೊಂದು ಕೆರೆ, ಕೆರೆ ಮಧ್ಯ ಗುಡಿ. ತಿರುವನಂತಪುರದ ಪದ್ಮನಾಭನ ಮೂಲಸ್ಥಾನ ಇದೇ ಅಂತ ನಮ್ಮ ಕಡೆ ನಂಬಿಕೆ. ನೈವೇದ್ಯದ ಅನ್ನ ತಿಂತಿದ್ದ ಬಬಿಯಾ ಮೊಸಳೆ 2022ರಲ್ಲಿ ತೀರಿಕೊಂಡಿತು, ಮರುವರ್ಷ ಇನ್ನೊಂದು ಕಾಣಿಸ್ಕೊಂಡಿತು, ಎಲ್ಲಿಂದ ಬಂತೋ ಆ ದೇವರಿಗೇ ಗೊತ್ತು. ಮೊಸಳೆ ಕಾಣದಿದ್ರೂ ಬೇಜಾರ್ ಮಾಡ್ಬೇಡಿ, ಸುಮ್ನೆ ಕೆರೆ ದಂಡೆಯಲ್ಲಿ ಅರ್ಧ ಗಂಟೆ ಕೂತ್ಕೊಳ್ಳಿ.

ಮತ್ತೆ ಮಧೂರು. ಹೆಸರಿಗೆ ಮದನಂತೇಶ್ವರನ ದೇವಸ್ಥಾನ, ಜನ ಬರೂದು ಗಣಪತಿಗೆ, ಮತ್ತೆ ಸತ್ಯ ಹೇಳ್ಬೇಕಂದ್ರೆ ಅಲ್ಲಿಯ ಸಿಹಿ ಅಪ್ಪದ ಪ್ರಸಾದಕ್ಕೆ! ಆನೆಯ ಬೆನ್ನಿನ ಹಾಗೆ ದುಂಡಗಿರುವ ಆ ಮಾಡನ್ನು (ಛಾವಣಿ) ಹಿಂದಿನಿಂದ ನೋಡ್ಬೇಕು. ಬೆಳಿಗ್ಗೆ ಬೇಗ ಹೋಗಿ. ಒಮ್ಮೆ ಫ್ರೆಂಡ್ಸನ್ನು ಕರ್ಕೊಂಡು ನಡುಮಧ್ಯಾಹ್ನ ಹೋಗಿ, ದೇವಸ್ಥಾನದ ಬಾಗಿಲು ಹಾಕಿದ್ದರಿಂದ ಸಂಜೆವರೆಗೆ ಹೊಳೆಬದಿಯಲ್ಲಿ ಅವರ ಬೈಗುಳ ತಿಂದವ ನಾನು.

ಬ್ರಿಟಿಷ್ ಕಾಲದ್ದು ಅಂತ ಪುದುಚೇರಿಯ ಫ್ರೆಂಚ್ ಬೀದಿಗಳ ಹಾಗೆ ಸಾಲು ಕಟ್ಟಡ ಇಲ್ಲಿ ಇಲ್ಲ ಮಾರಾಯ್ರೆ. ಬದಿಯಡ್ಕ ರೋಡಲ್ಲಿ ಬೇಳದ ಇಗರ್ಜಿ (ಚರ್ಚ್) ಉಂಟು, 1890ರದ್ದು, ಗಾಥಿಕ್ ಶೈಲಿ, ತೋಟಗಳ ನಡುವೆ ಫಕ್ಕನೆ ಎದುರಾಗ್ತದೆ, ನಂಗೆ ಬೇಕಲಕ್ಕಿಂತ ಅದೇ ಇಷ್ಟ. ಬೇಕಲದ್ದು ಬ್ರಿಟಿಷರ ಕೋಟೆ ಅಂತ ತಿಳ್ಕೊಂಡು ಬರುವವರಿದ್ದಾರೆ, ಅಲ್ಲ, ಅದು ಕೆಳದಿಯ ಶಿವಪ್ಪ ನಾಯಕ ಸುಮಾರು 1650ರಲ್ಲಿ ಕಟ್ಟಿಸಿದ್ದು, ಕಂಪನಿ ಕೈಗೆ ಹೋದದ್ದು ಟಿಪ್ಪು ಸತ್ತ ಮೇಲೆ, 1799ರಲ್ಲಿ. 40 ಎಕ್ರೆ ಜಾಗ, ಒಳಗೆ ಅರಮನೆ ಹುಡುಕ್ಬೇಡಿ, ಇದ್ದದ್ದು ಸೈನ್ಯಕ್ಕೆ ಮಾತ್ರ. ಗೋಡೆಯ ಕಿಂಡಿಗಳನ್ನು ಬಗ್ಗಿ ನೋಡಿ, ಮೇಲಿನದು ದೂರದ ಗುರಿಗೆ, ಕೆಳಗಿನದು ಬುಡಕ್ಕೆ ಬಂದವನಿಗೆ. ಬಿಸಿಲು ಇಳಿದ ಮೇಲೆ ಹೋಗಿ, ನೆರಳು ಕಮ್ಮಿ.

ಬೀಚಿಗೆ ಬೇಕಲದ ಹತ್ರದ ಕಾಪ್ಪಿಲ್, ಇಲ್ಲಾಂದ್ರೆ ಮಂಜೇಶ್ವರದ ಕಣ್ವತೀರ್ಥ. ಮಂಜೇಶ್ವರಕ್ಕೆ ಹೋದ್ರೆ ಗೋವಿಂದ ಪೈಗಳ ಮನೆಯನ್ನೂ ನೋಡಿ. ಜೂನ್‌ನಿಂದ ಸೆಪ್ಟೆಂಬರ್ ವರೆಗೆ ನೀರಿಗೆ ಇಳಿಯುವ ಆಲೋಚನೆ ಬೇಡ, ನವೆಂಬರ್ ನಂತರ ಬಂದ್ರೆ ರಾತ್ರಿ ಎಲ್ಲಾದ್ರೂ ಚೆಂಡೆ ಸದ್ದು ಕೇಳೀತು, ಯಕ್ಷಗಾನ ಬಯಲಾಟವೋ, ಭೂತಕೋಲದ ಹಾಗಿನ ತೆಯ್ಯವೋ, ಕೇಳಿದ ಕಡೆಗೆ ರಿಕ್ಷಾ ತಿರುಗಿಸಿ.