ಆ ರಾತ್ರಿಯ ಆಕ್ಸಿಜನ್ ಬೆಡ್ ಮನಸ್ಸಿಂದ ಹೋಗುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಾನು ಕೋಲಾರ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯ. ವಯಸ್ಸು 41. ಕೊರೊನಾ ಎರಡನೇ ಅಲೆಯಲ್ಲಿ ಒಂದು ರಾತ್ರಿ ಇದ್ದದ್ದು ಒಂದೇ ಆಕ್ಸಿಜನ್ ಬೆಡ್, ಬಂದವರು ಇಬ್ಬರು. ಯಾರಿಗೆ ಅಂತ ನಾನೊಬ್ಬನೇ ತೀರ್ಮಾನ ಮಾಡಿದೆ. ಇನ್ನೊಬ್ಬರು ಬೆಳಗಾಗುವುದರೊಳಗೆ ತೀರಿಕೊಂಡರು. ಈಗಲೂ ಜ್ವರದ ಸೀಸನ್‌ನಲ್ಲಿ ಓಪಿಡಿ ಕ್ಯೂ ಉದ್ದವಾದರೆ ಎದೆ ಡವಡವ ಅನ್ನುತ್ತದೆ. ರೋಗಿಗಳ ಮೇಲೆ ರೇಗುತ್ತೇನೆ. ಯೋಗ ಮಾಡಿ, ಮನಸ್ಸು ಗಟ್ಟಿ ಮಾಡ್ಕೊಳ್ಳಿ ಅಂತಾರೆ. ನಾನು ಈ ಕೆಲಸಕ್ಕೆ ಲಾಯಕ್ಕಲ್ಲವೇ?

ಉತ್ತರ: ಡಾಕ್ಟ್ರೇ, ಲಾಯಕ್ಕಿನ ಮಾತು ಬಿಡಿ. ಲಾಯಕ್ಕಿಲ್ಲದವರಿಗೆ ಆ ರಾತ್ರಿ ಇಷ್ಟು ದಿನ ನೆನಪಿರುತ್ತಿರಲಿಲ್ಲ.

ನಿಮ್ಮ ಪತ್ರದಲ್ಲಿ ಎರಡು ನೋವು ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು ಬರ್ನ್‌ಔಟ್. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕಾಯಿಲೆ ಎನ್ನಲಿಲ್ಲ. ಕೆಲಸದ ಜಾಗದಲ್ಲಿ ಸರಿಯಾಗಿ ನಿಭಾಯಿಸದೆ ಬಿಟ್ಟ ಒತ್ತಡದಿಂದ ಆಗುವಂಥದ್ದು ಎಂದಿತು. ಮೈಮನಸ್ಸು ಬತ್ತಿಹೋಗುವುದು, ಕೆಲಸದ ಮೇಲೆ ಬೇಸರ ಹುಟ್ಟಿ ಜನ ದೂರದವರಂತೆ ಕಾಣುವುದು, ಏನು ಮಾಡಿದರೂ ಸಾಲದು ಅನ್ನಿಸುವುದು ಇದರ ಲಕ್ಷಣಗಳು. ನೀವು ರೇಗುವುದು ಬಹುಪಾಲು ಇದರಿಂದಲೇ.

ಇನ್ನೊಂದು ಆಳದ್ದು. ಇಬ್ಬರನ್ನೂ ಉಳಿಸಬೇಕು ಅಂತ ಮನಸ್ಸು ಹೇಳುತ್ತಿರುವಾಗ, ಒಬ್ಬರನ್ನು ಮಾತ್ರ ಆರಿಸಬೇಕಾಗಿ ಬಂದದ್ದು. ಮನಸ್ಸಾಕ್ಷಿಗೆ ಬೀಳುವ ಇಂಥ ಪೆಟ್ಟನ್ನು ವೈದ್ಯರು ಮೊದಲು ಗುರುತಿಸಿದ್ದು ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರಲ್ಲಿ. ಇದು ರಜೆ ಹಾಕಿದರೆ ಹೋಗುವುದಿಲ್ಲ. ಬೆಡ್ ಒಂದೇ ಇದ್ದದ್ದು ನಿಮ್ಮ ತಪ್ಪಲ್ಲ ಎಂದು ಯಾರು ಎಷ್ಟು ಹೇಳಿದರೂ ಒಳಗೆ ಇಳಿಯುವುದಿಲ್ಲ, ಅಲ್ವಾ? 2021ರ ಮೇ ಮೊದಲ ವಾರ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಕ್ಸಿಜನ್ ಸಿಗದೆ ರೋಗಿಗಳು ತೀರಿಕೊಂಡ ಸುದ್ದಿ ಬಂದ ಮೇಲೆ, ಸಿಲಿಂಡರ್ ಗೇಜ್ ನೋಡದೆ ನಿದ್ದೆ ಹೋದ ಡ್ಯೂಟಿ ಡಾಕ್ಟರ್ ಈ ರಾಜ್ಯದಲ್ಲಿ ಇದ್ದಿರಲಾರರು.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಮಾತು 'ನಾನೊಬ್ಬನೇ'. ಅಂಥ ತೀರ್ಮಾನ ಒಬ್ಬರ ತಲೆಯ ಮೇಲೆ ಬೀಳಲೇಬಾರದು. ಯಾರಿಗೆ ಮೊದಲು ಅನ್ನುವ ನಿಯಮ ಮೊದಲೇ ಬರೆದಿಟ್ಟಿರಬೇಕು. ರೋಗಿಯನ್ನು ನೋಡುತ್ತಿರುವ ವೈದ್ಯರೇ ಬೆಡ್ ಹಂಚುವವರೂ ಆಗಬಾರದು. ಮಧ್ಯರಾತ್ರಿಯಾದರೂ ಫೋನಿನಲ್ಲಿ ಇನ್ನೊಬ್ಬ ವೈದ್ಯರು ಸಿಗಬೇಕು, ಕೇಸ್ ಶೀಟಿನಲ್ಲಿ ಇಬ್ಬರ ಹೆಸರೂ ಇರಬೇಕು. ಇದನ್ನು ನಿಮ್ಮ ಆಡಳಿತ ವೈದ್ಯಾಧಿಕಾರಿಗೆ ಈಗಲೇ ಬರೆದು ಕೊಡಿ. ಮುಂದಿನ ಸಾಂಕ್ರಾಮಿಕ ಬಂದ ಮೇಲೆ ಇದಕ್ಕೆ ಪುರುಸೊತ್ತು ಇರುವುದಿಲ್ಲ.

ಡ್ಯೂಟಿ ಪಟ್ಟಿಯೂ ಹಾಗೇ. ರಾತ್ರಿ ಡ್ಯೂಟಿ ಮುಗಿಸಿದವರನ್ನು ಬೆಳಿಗ್ಗೆ ಓಪಿಡಿಯಲ್ಲಿ ಕೂರಿಸುವುದು ನಮ್ಮ ಕಡೆ ಮಾಮೂಲಿ ಆಗಿಬಿಟ್ಟಿದೆ. 17 ಗಂಟೆ ನಿದ್ದೆಯಿಲ್ಲದವರ ಚುರುಕುತನ, 100 ಮಿ.ಲೀ. ರಕ್ತದಲ್ಲಿ ಸುಮಾರು 50 ಮಿ.ಗ್ರಾಂ ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ನಮ್ಮಲ್ಲಿ ಗಾಡಿ ಓಡಿಸಲು ಇರುವ ಮಿತಿ 30 ಮಿ.ಗ್ರಾಂ. ಆ ಸ್ಥಿತಿಯಲ್ಲಿ ನೀವು ಮಗುವಿಗೆ ಡೋಸ್ ಲೆಕ್ಕ ಹಾಕುತ್ತೀರಿ, ಆಮೇಲೆ ಹೈವೇಯಲ್ಲಿ ಕಾರು ಓಡಿಸಿಕೊಂಡು ಮನೆಗೆ ಹೋಗುತ್ತೀರಿ. ದಯವಿಟ್ಟು ಡ್ಯೂಟಿ ರೂಮಿನಲ್ಲಿ ಒಂದು ನಿದ್ದೆ ತೆಗೆದೇ ಹೊರಡಿ.

ಯೋಗ, ವಾಕಿಂಗ್ ಒಳ್ಳೆಯದೇ, ಬಿಡಬೇಡಿ. ಆದರೆ ವೈದ್ಯರ ಬರ್ನ್‌ಔಟ್ ಬಗ್ಗೆ ಆದ ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಹೆಚ್ಚು ಫಲ ಕೊಟ್ಟಿದ್ದು ಡ್ಯೂಟಿ, ಕೆಲಸದ ಹೊರೆ ಬದಲಿಸಿದ ಕ್ರಮಗಳೇ. ಆರು ಜನರ ಕೆಲಸವನ್ನು ಇಬ್ಬರಿಂದ ಮಾಡಿಸಿ, ಆಮೇಲೆ ಧ್ಯಾನದ ಶಿಬಿರ ಇಟ್ಟರೆ ಅದು ಅನ್ಯಾಯ. ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಕೊನೆಯದಾಗಿ, ಎದೆ ಡವಡವ ಇಷ್ಟು ವರ್ಷ ಉಳಿದಿದೆ ಎಂದರೆ ನೀವು ಮನೋವೈದ್ಯರನ್ನು ನೋಡಲೇಬೇಕು. ಆಘಾತದ ನೆನಪಿಗೆಂದೇ ಮಾತಿನ ಚಿಕಿತ್ಸೆ ಇದೆ, ಫಲವೂ ಕೊಡುತ್ತದೆ. ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ ಕ್ಲಿನಿಕ್‌ನಲ್ಲಿ ನಿಮ್ಮದೇ ರೋಗಿಗಳ ಜೊತೆ ಬೆಂಚಿನ ಮೇಲೆ ಕೂರಲು ಮುಜುಗರ ಅನ್ನಿಸಬಹುದು, ಅರ್ಥವಾಗುತ್ತದೆ. ಬೇರೆ ಊರಲ್ಲಿ ತೋರಿಸಿ. ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಕೆಲಸದಿಂದಾಚೆಗೂ ಯಾವುದೂ ಬೇಡ ಅನ್ನಿಸುತ್ತಿದ್ದರೆ, ಕುಡಿತ ಅಥವಾ ನಿದ್ದೆ ಮಾತ್ರೆ ಜಾಸ್ತಿಯಾಗಿದ್ದರೆ, ಬದುಕೇ ಸಾಕು ಅನ್ನುವ ಯೋಚನೆ ಬಂದರೆ, ಅದು ಬರೀ ಬರ್ನ್‌ಔಟ್ ಅಲ್ಲ. ಇವತ್ತೇ ಮಾತಾಡಿ. ಔಷಧಿ ಕಪಾಟಿನ ಕೀ ವೈದ್ಯರ ಕೈಯಲ್ಲೇ ಇರುವುದರಿಂದ ನನಗೆ ಈ ವಿಷಯದಲ್ಲಿ ಭಯ ಜಾಸ್ತಿ.

ಪ್ರಶ್ನೆ: ನಮ್ಮದು ಗೌರಿಬಿದನೂರು. ಮಗಳು ಕೊರೊನಾ ಕಾಲದಲ್ಲಿ ಇಂಟರ್ನ್ ಆಗಿದ್ದಳು, ಈಗ ಬೆಂಗಳೂರಲ್ಲಿ ಪಿ.ಜಿ. ಮಾಡುತ್ತಿದ್ದಾಳೆ. ಮನೆಗೆ ಬಂದರೆ ಸುಮ್ನೆ ಮಲಗಿಬಿಡುತ್ತಾಳೆ, ಮಾತೇ ಇಲ್ಲ. ತಾಯಿಯಾಗಿ ಏನು ಮಾಡಲಿ?

ಉತ್ತರ: ಅಮ್ಮಾ, ಮಲಗಲು ಬಿಡಿ. ಊಟಕ್ಕೂ ಎಬ್ಬಿಸಬೇಡಿ, ಮುಚ್ಚಿಟ್ಟಿರಿ, ಎದ್ದಾಗ ತಿನ್ನುತ್ತಾಳೆ.

ಆಗ ಏನೇನು ನೋಡಿದೆ ಅಂತ ಕೆದಕಬೇಡಿ. ಆಘಾತ ಕಂಡವರನ್ನು ಬಲವಂತವಾಗಿ ಮಾತಾಡಿಸಿದರೆ ಉಪಯೋಗಕ್ಕಿಂತ ತೊಂದರೆಯೇ ಆಗಬಹುದು. ತಾನಾಗಿ ಹೇಳಿದರೆ ಪೂರ್ತಿ ಕೇಳಿ, ನಡುವೆ ಸಮಾಧಾನ ಹೇಳಲು ಹೋಗಬೇಡಿ.

ಇನ್ನೊಂದು ಮಾತು. ಡಾಕ್ಟರ್ ಮಗಳು ಬಂದಿದ್ದಾಳೆ ಅಂತ ಗೊತ್ತಾದ ತಕ್ಷಣ ನೆಂಟರು ಶುಗರ್ ರಿಪೋರ್ಟ್, ಎಕ್ಸ್‌ರೇ ಕವರ್ ಹಿಡಿದು ಜಗಲಿಗೆ ಬರುತ್ತಾರೆ. ಮಗಳು ಇಲ್ಲ ಅನ್ನಲಾರಳು. ಇಲ್ಲ ಅನ್ನುವ ಕೆಲಸ ನೀವು ಮಾಡಿ. ನಿದ್ದೆಯಾದ ಮೇಲೂ ಎರಡು ವಾರಕ್ಕಿಂತ ಹೆಚ್ಚು ಹೀಗೇ ಮಂಕಾಗಿದ್ದರೆ, ಊಟ ಸೇರದಿದ್ದರೆ, ನೀವೇ ಜೊತೆಗೆ ಹೋಗಿ ಮನೋವೈದ್ಯರಿಗೆ ತೋರಿಸಿ.