ಫರ್ಸಿ ಮ್ಯಾಲ ಆಸಿಡ್ ಬಿದ್ರ

ಪ್ರಶ್ನೆ: ಶಹಾಬಾದ್ ಫರ್ಸಿ (ನೆಲಕ್ಕ ಹಾಸೋ ಕಲ್ಲು) ಮ್ಯಾಲ ಆಸಿಡ್ ಬಿದ್ರ ಸಣ್ಣಗ ನೊರಿ ಬರ್ತದ, ಅದೇ ಕಲ್ಲಿನ ಪುಡಿಗಿ ಹಾಕಿದ್ರ ಭುಸ್ ಅಂತದ, ಬಿಸಿ ಇದ್ರ ಇನ್ನೂ ಜೋರು. ಯಾಕ್ರಿ ಸರ್?
(ಪಿಯುಸಿ ವಿದ್ಯಾರ್ಥಿ, ಕಲಬುರಗಿ)

ಉತ್ತರ: ಫರ್ಸಿ ಅಂದ್ರ ಸುಣ್ಣದ ಕಲ್ಲೇ ನೋಡ್ರಿ, ಆಸಿಡ್ ಕಣ ಬಂದು ಡಿಕ್ಕಿ ಹೊಡದ್ರನ ರಿಯಾಕ್ಷನ್, ಪುಡಿ ಮಾಡಿದ್ರ ಡಿಕ್ಕಿಗಿ ಜಾಗ ಜಾಸ್ತಿ, ಅಷ್ಟೇ. ಬಿಸಿ ಮಾತು ಬ್ಯಾರೆ. ಬಿಸಿಗಿ ಡಿಕ್ಕಿ ಹೆಚ್ಚಾಗ್ತವ ಅಂತ ಪರೀಕ್ಷಾದಾಗ ಎಲ್ಲಾರೂ ಬರೀತಾರ, ಖರೆ, ಆದ್ರ ಗ್ಯಾಸಿನ ಕಣಗಳ ಲೆಕ್ಕ ತಗೊಂಡ್ರ 27 ಡಿಗ್ರಿಯಿಂದ 37ಕ್ಕ ಏರಿದ್ರ ಡಿಕ್ಕಿ ಹೆಚ್ಚಾಗೋದು 2 ಪರ್ಸೆಂಟ್ ಒಳಗ, ಎಷ್ಟೋ ರಿಯಾಕ್ಷನ್ ಸ್ಪೀಡ್ ಮಾತ್ರ ಹತ್ತತ್ರ ಡಬಲ್! ಯಾಕಂದ್ರ ಬರೇ ತಾಗಿದ್ರ ಸಾಲದು, ಕಣದಾಗಿನ ಹಳೇ ಬಾಂಡ್ (ಬಂಧ) ಮುರಿಯೋವಷ್ಟು ಜೋರಾಗಿ, ಸರಿಯಾದ ದಿಕ್ಕಿನಿಂದ ತಾಗಬೇಕು. ಅದಕ್ಕ ಬೇಕಾದ ಕನಿಷ್ಠ ಶಕ್ತಿಗಿ ಆಕ್ಟಿವೇಷನ್ ಎನರ್ಜಿ ಅಂತಾರ, ಅದನ್ನ ದಾಟೋ ಕಣಗಳೇ ಬಿಸಿಯಾಗ ಭಾಳ ಹೆಚ್ಚಾಗ್ತವ. 1916ರಾಗ ಟ್ರೌಟ್ಸ್, 1918ರಾಗ ಲೂಯಿಸ್ ಅನ್ನೋ ರಸಾಯನ ವಿಜ್ಞಾನಿಗಳು ಡಿಕ್ಕಿ ಲೆಕ್ಕ ಹಾಕಿದ್ದು ಈ ಎನರ್ಜಿ ಹಿಡದೇ. ಮನ್ಯಾಗ ಟೆಸ್ಟ್ ಮಾಡೋದಿದ್ರ ಆಸಿಡ್ ಬ್ಯಾಡ, ನಿಂಬಿಹಣ್ಣು ಸಾಕು.